ಫಿಲಡೆಲ್ಫಿಯಾದಲ್ಲಿ ಸೇರಿದವರಿಗೆ ಹೊಸ ಸರ್ಕಾರ ಕಟ್ಟುವ ಅಧಿಕಾರ ಇತ್ತೇ?

ತುಂಗಾತೀರ (ಮೂಲ ಪ್ರಶ್ನೆ)

ಎಲ್ಲ ಸದಸ್ಯರಿಗೂ ನಮಸ್ಕಾರ. ನಾನು ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಪಾಠ ಹೇಳುತ್ತೇನೆ. ಕಳೆದ ವಾರ ಅಮೆರಿಕದ ಸಂವಿಧಾನ ರಚನೆಯ ಅಧ್ಯಾಯ ಮುಗಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ನನಗೇ ಸಮಾಧಾನವಾಗುವ ಉತ್ತರ ಕೊಡಲು ಆಗಲಿಲ್ಲ.

1787ರ ಫೆಬ್ರುವರಿ 21ರಂದು ಅಂದಿನ ಕಾಂಗ್ರೆಸ್ ಹೊರಡಿಸಿದ ನಿರ್ಣಯದಲ್ಲಿ, ಫಿಲಡೆಲ್ಫಿಯಾದಲ್ಲಿ ಸೇರುವ ಪ್ರತಿನಿಧಿಗಳ ಏಕಮಾತ್ರ ಉದ್ದೇಶ ಒಕ್ಕೂಟದ ಹಳೆಯ ಕರಾರನ್ನು ಪರಿಷ್ಕರಿಸುವುದು ಎಂದು ಸ್ಪಷ್ಟವಾಗಿ ಬರೆದಿತ್ತು. ಆ ಕರಾರಿನಲ್ಲಿ ಏನನ್ನೇ ಬದಲಿಸಬೇಕಾದರೂ ಹದಿಮೂರು ರಾಜ್ಯಗಳೂ ಒಪ್ಪಬೇಕು ಎಂದು ಕರಾರೇ ಹೇಳುತ್ತಿತ್ತು. ಆದರೆ ಸೆಪ್ಟೆಂಬರ್ 17ರಂದು ಆ ಸಭಾಂಗಣದಿಂದ ಹೊರಬಂದದ್ದು ತಿದ್ದುಪಡಿಯಲ್ಲ, ಬೇರೆಯದೇ ಒಂದು ಸರ್ಕಾರದ ನಕ್ಷೆ. ಒಂಬತ್ತು ರಾಜ್ಯಗಳು ಒಪ್ಪಿದರೆ ಅದು ಜಾರಿಗೆ ಬರುತ್ತದೆ ಎಂಬ ನಿಯಮವನ್ನೂ ಅವರೇ ಅದರ ಏಳನೆಯ ವಿಧಿಯಲ್ಲಿ ಬರೆದುಕೊಂಡರು. “ಸರ್, ವಹಿಸಿದ ಕೆಲಸ ಬಿಟ್ಟು ಬೇರೆ ಕೆಲಸ ಮಾಡಿದರಲ್ಲ, ಅದನ್ನು ಸರಿ ಎಂದು ಒಪ್ಪಿಕೊಂಡವರು ಯಾರು?” ಎಂದು ಆಕೆ ಕೇಳಿದಳು.

ಪಠ್ಯಪುಸ್ತಕದಲ್ಲಿ ಈ ಘಟ್ಟವನ್ನು ಎರಡು ಸಾಲಿನಲ್ಲಿ ದಾಟಿಬಿಟ್ಟಿದ್ದಾರೆ. ಮಹಾಪುರುಷರು ಸೇರಿದರು, ಸಂವಿಧಾನ ಕೊಟ್ಟರು ಎಂಬ ಧಾಟಿ ಅದರದ್ದು. ಇದರ ಬಗ್ಗೆ ಓದಿಕೊಂಡವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಳೆಯ ವಕೀಲ

ತಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಆ ಸಭೆಯ ಒಳಗೇ ಎತ್ತಿದವರಿದ್ದರು ಎಂಬುದನ್ನು ಮೊದಲು ಆಕೆಗೆ ತಿಳಿಸಿ. ಜೂನ್ 16ರಂದು ನ್ಯೂಯಾರ್ಕಿನ ಜಾನ್ ಲ್ಯಾನ್ಸಿಂಗ್ ಎದ್ದು, ಇಂಥ ಯೋಜನೆ ಇದೆಯೆಂದು ಗೊತ್ತಿದ್ದರೆ ತನ್ನ ರಾಜ್ಯ ಪ್ರತಿನಿಧಿಗಳನ್ನು ಕಳಿಸುತ್ತಲೇ ಇರಲಿಲ್ಲ ಎಂದರು. ನ್ಯೂಜೆರ್ಸಿಯ ವಿಲಿಯಂ ಪ್ಯಾಟರ್ಸನ್ ಕೂಡ ನಮಗೆ ಈ ಅಧಿಕಾರವಿಲ್ಲ ಎಂದೇ ವಾದಿಸಿದರು. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಅದಕ್ಕೆ ಕೊಟ್ಟ ಉತ್ತರ ಒಬ್ಬ ನುರಿತ ವಕೀಲನದ್ದು: ಯಾವುದನ್ನೂ ತೀರ್ಮಾನಿಸುವ ಅಧಿಕಾರ ನಮಗಿಲ್ಲ, ಆದರೆ ಏನನ್ನು ಬೇಕಾದರೂ ಸೂಚಿಸುವ ಸ್ವಾತಂತ್ರ್ಯವಿದೆ. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಅಷ್ಟು ದೂರ ಹೋಗಬೇಕಾದ ಅಗತ್ಯವೇನಿತ್ತು ಎಂದು ತಿಳಿಯಲು ಹಳೆಯ ಕರಾರಿನ ಅವಸ್ಥೆಯನ್ನು ನೋಡಬೇಕು. ಆ ಕರಾರನ್ನು ಕಾಂಗ್ರೆಸ್ 1777ರ ನವೆಂಬರಿನಲ್ಲಿ ಅಂಗೀಕರಿಸಿತ್ತು. ಕೊನೆಯದಾಗಿ ಮೇರಿಲ್ಯಾಂಡ್ ಒಪ್ಪಿದ ಮೇಲೆ 1781ರ ಮಾರ್ಚ್ 1ರಂದು ಜಾರಿಗೆ ಬಂತು. ಅದರಲ್ಲಿ ಪ್ರತಿ ರಾಜ್ಯಕ್ಕೂ ಒಂದೇ ಮತ. ಅಧ್ಯಕ್ಷನಿಲ್ಲ, ನ್ಯಾಯಾಂಗ ವ್ಯವಸ್ಥೆಯಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಕಾಂಗ್ರೆಸ್ ರಾಜ್ಯಗಳಿಗೆ ಇಂತಿಷ್ಟು ಹಣ ಕಳಿಸಿ ಎಂದು ಬರೆಯುತ್ತಿತ್ತು. ಕಳಿಸುವುದೂ ಬಿಡುವುದೂ ರಾಜ್ಯಗಳ ಮರ್ಜಿ. ಆಮದು ಸರಕಿನ ಮೇಲೆ ಶೇಕಡಾ 5ರಷ್ಟು ಸುಂಕ ಹಾಕಲು ಅನುಮತಿ ಕೊಡಿ ಎಂದು 1781ರಲ್ಲಿ ಕೇಳಿದಾಗ ಪುಟ್ಟ ರೋಡ್ ಐಲ್ಯಾಂಡ್ ಒಂದೇ ಅಡ್ಡಗಾಲು ಹಾಕಿ ಅದನ್ನು ಮುರಿಯಿತು. 1783ರಲ್ಲಿ ಮತ್ತೆ ಕೇಳಿದಾಗ ಕೊನೆಗೆ ನ್ಯೂಯಾರ್ಕ್ ತಡೆಯಿತು, ಏಕೆಂದರೆ ತನ್ನ ಬಂದರಿನ ಸುಂಕವೇ ಅದರ ಬೊಕ್ಕಸವನ್ನು ತುಂಬುತ್ತಿತ್ತು. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ಬಂದರುಗಳ ನಡುವೆ ಸಿಕ್ಕಿಕೊಂಡು ಎರಡೂ ಕಡೆ ಸುಂಕ ತೆರುತ್ತಿದ್ದ ನ್ಯೂಜೆರ್ಸಿಯನ್ನು ಜೇಮ್ಸ್ ಮ್ಯಾಡಿಸನ್ ಎರಡೂ ತುದಿಗೆ ತೂತು ಕೊರೆದ ಪೀಪಾಯಿಗೆ ಹೋಲಿಸಿದರು.

1783ರ ಜೂನ್ ತಿಂಗಳ ಒಂದು ಘಟನೆಯನ್ನು ತರಗತಿಯಲ್ಲಿ ಹೇಳಬಹುದು. ಯುದ್ಧ ಗೆದ್ದ ಸೈನಿಕರಿಗೆ ಸಂಬಳ ಬಾಕಿ ಇತ್ತು. ನೂರಾರು ಮಂದಿ ಬಂದೂಕು ಹಿಡಿದು ಫಿಲಡೆಲ್ಫಿಯಾದ ರಾಜ್ಯ ಭವನವನ್ನು ಸುತ್ತುವರಿದರು. ರಕ್ಷಣೆ ಕೊಡಲು ಪೆನ್ಸಿಲ್ವೇನಿಯಾ ಮುಂದಾಗಲಿಲ್ಲ. ದೇಶದ ಕಾಂಗ್ರೆಸ್ ಆ ಊರನ್ನೇ ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಯಿತು. ನಾಲ್ಕು ವರ್ಷದ ನಂತರ ಸಂವಿಧಾನ ಸಭೆ ಕೂತದ್ದು ಅದೇ ಕಟ್ಟಡದಲ್ಲಿ.

ಬಯಲುಸೀಮೆ

ವಕೀಲರ ಮಾತಿಗೆ ಒಂದು ಪುರವಣಿ ಸೇರಿಸಬೇಕೆನಿಸಿತು. ಹಳೆಯ ಕರಾರು ವಿಫಲವಾಯಿತು ಎಂದು ಹೇಳುವಾಗ ನಾವು ಸಾಮಾನ್ಯವಾಗಿ ಸಾಲ ಕೊಟ್ಟವರ ಕಣ್ಣಿನಿಂದ ನೋಡುತ್ತೇವೆ. ಸಾಲ ತೆಗೆದುಕೊಂಡ ರೈತನ ಕಡೆಯಿಂದಲೂ ಒಮ್ಮೆ ನೋಡೋಣ.

ಮ್ಯಾಸಚೂಸೆಟ್ಸ್ ರಾಜ್ಯ ಯುದ್ಧದ ಸಾಲಪತ್ರಗಳನ್ನು ಬಡ್ಡಿಸಮೇತ ತೀರಿಸಲು ಹೊರಟು ಭಾರೀ ತೆರಿಗೆ ಹೇರಿತು, ಅದನ್ನು ಬೆಳ್ಳಿ ನಾಣ್ಯದಲ್ಲೇ ಕಟ್ಟಬೇಕೆಂದಿತು. ಪಶ್ಚಿಮ ಭಾಗದ ರೈತನ ಬಳಿ ದನವಿತ್ತು, ಧಾನ್ಯವಿತ್ತು, ನಾಣ್ಯವಿರಲಿಲ್ಲ. ಆ ಸಾಲಪತ್ರಗಳಲ್ಲಿ ಎಷ್ಟೋ ಭಾಗ ಮೊದಲು ಸೈನಿಕರಿಗೇ ಸಂಬಳದ ಬದಲು ಕೊಟ್ಟವು; ಹೊಟ್ಟೆಪಾಡಿಗೆ ಅವರು ಅವನ್ನು ಸಿಕ್ಕಿದ ಬೆಲೆಗೆ ಮಾರಿದ್ದರು, ಕೊಂಡವರು ಪೂರ್ತಿ ಮೊತ್ತ ಕೇಳುತ್ತಿದ್ದರು. ಹೀಗೆ ಯುದ್ಧ ಮಾಡಿದವನೇ ತನ್ನ ಸಂಬಳದ ಚೀಟಿ ಕೊಂಡವನಿಗೆ ತೆರಿಗೆ ಕಟ್ಟಬೇಕಾಯಿತು, ಕಟ್ಟಲಾಗದಿದ್ದರೆ ಜಮೀನು ಹರಾಜಾಗುತ್ತಿತ್ತು. 1786ರ ಆಗಸ್ಟ್ 29ರಂದು ನಾರ್ತಾಂಪ್ಟನ್‌ನಲ್ಲಿ ನ್ಯಾಯಾಲಯ ಕಲಾಪ ನಡೆಸದಂತೆ ರೈತರು ತಡೆದರು. ಅವರ ಮುಂದಾಳುಗಳಲ್ಲಿ ಒಬ್ಬನಾದ ಡೇನಿಯಲ್ ಶೇಸ್ ಸ್ವಾತಂತ್ರ್ಯ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. 1787ರ ಜನವರಿ 25ರಂದು ಸ್ಪ್ರಿಂಗ್‌ಫೀಲ್ಡಿನ ಶಸ್ತ್ರಾಗಾರದ ಮುಂದೆ ಫಿರಂಗಿ ಹಾರಿತು, ನಾಲ್ವರು ದಂಗೆಕೋರರು ಸತ್ತರು.

ದಂಗೆಯನ್ನು ಪೂರ್ತಿ ಅಡಗಿಸಿದ ಸೇನೆಗೆ ಹಣ ಕೊಟ್ಟವರು ಬಾಸ್ಟನ್ನಿನ ವ್ಯಾಪಾರಿಗಳು, ಕಾಂಗ್ರೆಸ್ಸಿನ ಬಳಿ ಹಣವಿರಲಿಲ್ಲ. ಕಾಂಗ್ರೆಸ್ಸಿನ ಯುದ್ಧ ಕಾರ್ಯದರ್ಶಿ ಹೆನ್ರಿ ನಾಕ್ಸ್ ಬರೆದ ಪತ್ರಗಳಲ್ಲಿ ಈ ರೈತರು ಎಲ್ಲರ ಆಸ್ತಿಯನ್ನೂ ಸಮನಾಗಿ ಹಂಚಿಕೊಳ್ಳಲು ಹೊರಟಿದ್ದಾರೆ ಎಂಬಂತೆ ಸುದ್ದಿ ಮೌಂಟ್ ವರ್ನನ್ ತಲುಪಿತು, ಜಾರ್ಜ್ ವಾಷಿಂಗ್ಟನ್ ಕಂಗಾಲಾದರು. ಅವರು ಮನೆಬಿಟ್ಟು ಫಿಲಡೆಲ್ಫಿಯಾಕ್ಕೆ ಹೊರಡಲು ಈ ಭಯವೂ ಒಂದು ಕಾರಣ. ಬಲವಾದ ಸರ್ಕಾರ ಬೇಕೆಂಬ ಹಂಬಲದಲ್ಲಿ ದೇಶದ ಏಳಿಗೆಯ ಚಿಂತೆ ಇದ್ದಂತೆಯೇ ಬಡ ಸಾಲಗಾರನ ಮೇಲಿನ ಅಂಜಿಕೆಯೂ ಇತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊರನಾಡ ಕನ್ನಡತಿ

ನಾನು ಫಿಲಡೆಲ್ಫಿಯಾಕ್ಕೆ ಹತ್ತಿರದಲ್ಲೇ ಇದ್ದೇನೆ. ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಆ ಸಭಾಂಗಣಕ್ಕೆ ಹಲವು ಬಾರಿ ಹೋಗಿದ್ದೇನೆ. ಪ್ರತಿ ಬಾರಿಯೂ ಮೊದಲು ಅಚ್ಚರಿಯಾಗುವುದು ಅದು ಎಷ್ಟು ಚಿಕ್ಕದು ಎಂಬುದೇ. ಹಸಿರು ಬಟ್ಟೆ ಹೊದಿಸಿದ ಮೇಜುಗಳನ್ನು ಅರ್ಧವೃತ್ತಾಕಾರವಾಗಿ ಇಟ್ಟಿದ್ದಾರೆ, ಎದುರಿಗೆ ಎತ್ತರದ ಜಾಗದಲ್ಲಿ ವಾಷಿಂಗ್ಟನ್ ಕೂತ ಕುರ್ಚಿ. ಒಬ್ಬರು ಪಿಸುಗುಟ್ಟಿದರೆ ಮೂರನೆಯ ಮೇಜಿನವರಿಗೆ ಕೇಳುವಷ್ಟು ಹತ್ತಿರ. 1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ, ಬೇಸಿಗೆಯ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು, ಒಳಗಿನ ಮಾತು ಹೊರಗೆ ಹೋಗಬಾರದೆಂಬ ನಿಯಮ ಮಾಡಿಕೊಂಡು ಅವರು ಇಲ್ಲಿ ಕೂತರು. ಹನ್ನೆರಡು ರಾಜ್ಯಗಳಿಂದ ಬಂದವರು 55 ಮಂದಿ. ರೋಡ್ ಐಲ್ಯಾಂಡ್ ಯಾರನ್ನೂ ಕಳಿಸಲಿಲ್ಲ.

ಗೋಪ್ಯತೆಯನ್ನು ಅವರು ಎಷ್ಟು ಬಿಗಿಯಾಗಿ ಪಾಲಿಸಿದರು ಎಂಬುದಕ್ಕೆ ಜಾರ್ಜಿಯಾದ ವಿಲಿಯಂ ಪಿಯರ್ಸ್ ಬರೆದಿಟ್ಟ ಒಂದು ಪ್ರಸಂಗವಿದೆ. ಚರ್ಚೆಯ ನಿರ್ಣಯಗಳ ಒಂದು ಪ್ರತಿ ಯಾರದೋ ಕೈಜಾರಿ ಕೆಳಗೆ ಬಿದ್ದಿತ್ತು, ಅದು ವಾಷಿಂಗ್ಟನ್ನರ ಕೈಸೇರಿತು. ದಿನದ ಕಲಾಪ ಮುಗಿಯುವ ಹೊತ್ತಿಗೆ ಅವರು ಎದ್ದು ಸದಸ್ಯರ ಅಜಾಗರೂಕತೆಯನ್ನು ಖಂಡಿಸಿ, ಕಾಗದವನ್ನು ಮೇಜಿನ ಮೇಲೆ ಎಸೆದು, ಯಾರದ್ದೋ ಅವರು ತೆಗೆದುಕೊಳ್ಳಲಿ ಎಂದು ಹೇಳಿ, ತಲೆಬಾಗಿ ಟೋಪಿ ತೆಗೆದುಕೊಂಡು ಹೊರನಡೆದರು. ಪಿಯರ್ಸ್ ಜೇಬಿಗೆ ಕೈಹಾಕಿದರೆ ಅವರ ಪ್ರತಿ ಅಲ್ಲಿರಲಿಲ್ಲ! ಹೆದರಿಕೊಂಡೇ ಮೇಜಿನ ಬಳಿ ಹೋಗಿ ನೋಡಿದರೆ ಕೈಬರಹ ಬೇರೆಯವರದು. ತಂಗಿದ್ದ ಮನೆಗೆ ಹೋದಾಗ ಅಂದು ಬೆಳಿಗ್ಗೆ ಕಳಚಿಟ್ಟಿದ್ದ ಕೋಟಿನ ಜೇಬಿನಲ್ಲಿ ಅವರದು ಸಿಕ್ಕಿತು. ಮೇಜಿನ ಮೇಲಿದ್ದ ಕಾಗದ ತನ್ನದೆಂದು ಕೊನೆಗೂ ಯಾರೂ ಮುಂದೆ ಬರಲಿಲ್ಲ.

ಈ ಗೋಪ್ಯತೆ ತಪ್ಪು ಎಂದು ಪ್ಯಾರಿಸ್ಸಿನಲ್ಲಿದ್ದ ಥಾಮಸ್ ಜೆಫರ್ಸನ್ ಆಗಲೇ ಆಕ್ಷೇಪಿಸಿದ್ದರು. ಆದರೆ ಮುಚ್ಚಿದ ಬಾಗಿಲ ಹಿಂದೆ ಜನ ನಿನ್ನೆ ಆಡಿದ ಮಾತನ್ನು ಇಂದು ಬದಲಿಸಬಲ್ಲವರಾದರು ಎಂದು ನನಗೆ ಅನಿಸುತ್ತದೆ. ದೊಡ್ಡ ರಾಜ್ಯ, ಸಣ್ಣ ರಾಜ್ಯಗಳ ಹಗ್ಗಜಗ್ಗಾಟವನ್ನೇ ನೋಡಿ. ಮೇ 29ರಂದು ಎಡ್ಮಂಡ್ ರಾಂಡಾಲ್ಫ್ ಮಂಡಿಸಿದ ವರ್ಜೀನಿಯಾ ಯೋಜನೆಯಂತೆ ಎರಡೂ ಸದನಗಳಲ್ಲಿ ಸ್ಥಾನಗಳು ಜನಸಂಖ್ಯೆಯನ್ನೋ ತೆರಿಗೆಯ ಪಾಲನ್ನೋ ಅನುಸರಿಸಬೇಕಿತ್ತು. 1790ರ ಮೊದಲ ಜನಗಣತಿಯಲ್ಲಿ ವರ್ಜೀನಿಯಾದಲ್ಲಿ 7,47,610 ಜನರಿದ್ದರೆ ಡೆಲಾವೇರಿನಲ್ಲಿ 59,096 ಮಂದಿ. ಹನ್ನೆರಡು ಪಟ್ಟಿಗೂ ಮಿಕ್ಕ ಈ ಅಂತರವೇ ಸಣ್ಣವರ ದಿಗಿಲು. ಜೂನ್ 15ರಂದು ಪ್ಯಾಟರ್ಸನ್ ಹಳೆಯ ಪದ್ಧತಿಯಂತೆ ಪ್ರತಿ ರಾಜ್ಯಕ್ಕೆ ಒಂದೇ ಮತ ಉಳಿಸುವ ಯೋಜನೆ ತಂದರು; ನಾಲ್ಕು ದಿನದಲ್ಲಿ ಅದು ಬಿದ್ದುಹೋಯಿತು. ಜೂನ್ 30ರಂದು ಡೆಲಾವೇರಿನ ಗನ್ನಿಂಗ್ ಬೆಡ್‌ಫರ್ಡ್, ನೀವು ಒಕ್ಕೂಟ ಮುರಿದರೆ ನಮ್ಮ ಕೈಹಿಡಿಯುವ ಪರದೇಶದವರು ಸಿಗುತ್ತಾರೆ ಎಂದುಬಿಟ್ಟರು.

ಕನೆಕ್ಟಿಕಟ್ಟಿನ ರೋಜರ್ ಶೆರ್ಮನ್ ಮೊದಲಿನಿಂದ ಹೇಳುತ್ತಿದ್ದ ದಾರಿ, ಅಂದರೆ ಕೆಳಮನೆಗೆ ಜನಸಂಖ್ಯೆ, ಮೇಲ್ಮನೆಗೆ ಸಮಾನತೆ ಎಂಬುದು, ಜುಲೈ 16ರಂದು ಗೆದ್ದದ್ದು ಐದು ರಾಜ್ಯಗಳ ಮತಕ್ಕೆ ನಾಲ್ಕು ರಾಜ್ಯಗಳ ವಿರೋಧದಲ್ಲಿ. ಮ್ಯಾಸಚೂಸೆಟ್ಸ್ ಪ್ರತಿನಿಧಿಗಳು ಎರಡಾಗಿ ಒಡೆದು ಅವರ ಮತವೇ ಲೆಕ್ಕಕ್ಕೆ ಬರಲಿಲ್ಲ. ನ್ಯೂಯಾರ್ಕಿನ ಲ್ಯಾನ್ಸಿಂಗ್ ಮತ್ತು ರಾಬರ್ಟ್ ಯೇಟ್ಸ್ ಆಗಲೇ ಸಭೆ ಬಿಟ್ಟು ಹೋಗಿದ್ದರು, ನ್ಯೂ ಹ್ಯಾಂಪ್‌ಶೈರ್ ಪ್ರತಿನಿಧಿಗಳು ಇನ್ನೂ ಊರು ತಲುಪಿರಲಿಲ್ಲ. ಅಮೆರಿಕದ ಸೆನೆಟ್ ಇಂದಿಗೂ ನಿಂತಿರುವುದು ಆ ಒಂದು ಮತದ ಅಂತರದ ಮೇಲೆ.

ಇನ್ನೊಂದು ಸಣ್ಣ ವಿಷಯ. “ರಾಷ್ಟ್ರೀಯ ಸರ್ಕಾರ” ಎಂಬ ಪದವನ್ನು ವರ್ಜೀನಿಯಾದ ಯೋಜನೆಯನ್ನು ತಿದ್ದಿದ ನಿರ್ಣಯಗಳಲ್ಲಿ ಧಾರಾಳವಾಗಿ ಬಳಸಿದ್ದರು. ಜೂನ್ 20ರಂದು ಆಲಿವರ್ ಎಲ್ಸ್‌ವರ್ತ್ ಸೂಚನೆಯಂತೆ “ರಾಷ್ಟ್ರೀಯ” ಎಂಬುದನ್ನು ತೆಗೆದು “ಸಂಯುಕ್ತ ಸಂಸ್ಥಾನಗಳ ಸರ್ಕಾರ” ಎಂದು ಮಾಡಿದರು. ಆ ಪದ ಸಂವಿಧಾನದಲ್ಲಿ ಮತ್ತೆ ಬರಲೇ ಇಲ್ಲ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಒಂದು ವಿಷಯ ಯಾರೂ ಇನ್ನೂ ಎತ್ತಿಲ್ಲ. ಕೆಳಮನೆಗೆ ಜನಸಂಖ್ಯೆಯ ಲೆಕ್ಕ ಎಂದಾಗ “ಜನ” ಎಂದು ಯಾರನ್ನು ಎಣಿಸಿದರು? ಗುಲಾಮರನ್ನು ಐದರಲ್ಲಿ ಮೂರು ಪಾಲು ಎಣಿಸಿದರೆಂದು ಪುಸ್ತಕದಲ್ಲಿದೆ. ಆ ವಿಚಿತ್ರ ಲೆಕ್ಕ ಎಲ್ಲಿಂದ ಬಂತು?

ಇತಿಹಾಸ ವಿದ್ಯಾರ್ಥಿ

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ನನ್ನ ಪ್ರಕಾರ ಇಡೀ ಚರ್ಚೆಯ ನಿಜವಾದ ನಡುಗಂಬ ಇದೇ. ಇದನ್ನು ಅಡಿಟಿಪ್ಪಣಿಗೆ ತಳ್ಳಿ ಸಂವಿಧಾನವನ್ನು ಕೊಂಡಾಡುವುದು ನನಗೆ ಸಹಿಸಲಾಗದ ವಿಷಯ.

ಐದರಲ್ಲಿ ಮೂರು ಎಂಬ ಲೆಕ್ಕ ಹುಟ್ಟಿದ್ದು ಪ್ರಾತಿನಿಧ್ಯಕ್ಕಾಗಿ ಅಲ್ಲ, ತೆರಿಗೆಗಾಗಿ. 1783ರಲ್ಲಿ ರಾಜ್ಯಗಳ ಪಾಲಿನ ಹಣವನ್ನು ಜನಸಂಖ್ಯೆಯ ಮೇಲೆ ನಿಗದಿ ಮಾಡಲು ಕಾಂಗ್ರೆಸ್ ಹೊರಟಾಗ, ದಕ್ಷಿಣದವರು ಗುಲಾಮರನ್ನು ಕಡಿಮೆ ಎಣಿಸಿ ಎಂದರು, ಉತ್ತರದವರು ಪೂರ್ತಿ ಎಣಿಸಿ ಎಂದರು, ಚೌಕಾಸಿಯಲ್ಲಿ ಈ ಭಾಗಾಕಾರ ಹುಟ್ಟಿತು. ಆ ತಿದ್ದುಪಡಿ ಜಾರಿಗೆ ಬರಲಿಲ್ಲ, ಲೆಕ್ಕ ಮಾತ್ರ ಉಳಿದುಕೊಂಡಿತು. 1787ರಲ್ಲಿ ಸ್ಥಾನಗಳ ಹಂಚಿಕೆಯ ಮಾತು ಬಂದಾಗ ಎರಡೂ ಕಡೆಯವರು ತಮ್ಮ ವಾದವನ್ನು ತಿರುವಿಹಾಕಿದರು. ಈಗ ಗುಲಾಮರು ಹೆಚ್ಚು ಎಣಿಕೆಯಾದಷ್ಟೂ ಅವರ ಒಡೆಯರಿಗೆ ಹೆಚ್ಚು ಸ್ಥಾನ. ವರ್ಜೀನಿಯಾದ ಜನಗಣತಿಯ ಅಂಕಿಯನ್ನು ಮೇಲೆ ಕೊಟ್ಟಿದ್ದಾರೆ. ಅದರಲ್ಲಿ 2,92,627 ಮಂದಿ ಗುಲಾಮರಾಗಿದ್ದರು. ಮತ ಹಾಕಲಾಗದ, ಸ್ವಂತ ದೇಹದ ಮೇಲೂ ಹಕ್ಕಿಲ್ಲದ ಆ ಜನರ ತಲೆಯೆಣಿಕೆ ಅವರನ್ನು ಕಟ್ಟಿಹಾಕಿದವರ ಕೈಯನ್ನೇ ಬಲಪಡಿಸಿತು.

ಆಗಸ್ಟ್ 8ರಂದು ಗವರ್ನರ್ ಮಾರಿಸ್ (ಗವರ್ನರ್ ಎಂಬುದು ಅವರ ಹೆಸರು, ಹುದ್ದೆಯಲ್ಲ) ಎದ್ದು ಮಾಡಿದ ಭಾಷಣ ಆ ಸಭೆಯ ಅತ್ಯಂತ ನಿಷ್ಠುರವಾದ ಮಾತುಗಳಲ್ಲಿ ಒಂದು. ಆಫ್ರಿಕಾದ ಕರಾವಳಿಗೆ ಹೋಗಿ ಮನುಷ್ಯರನ್ನು ಅವರ ಬಂಧುಬಳಗದಿಂದ ಕಿತ್ತುತಂದು ಬಂಧನಕ್ಕೆ ತಳ್ಳುವವನಿಗೆ, ಅಂಥ ಕೆಲಸವನ್ನು ಕಂಡು ಅಸಹ್ಯಪಡುವ ಪೆನ್ಸಿಲ್ವೇನಿಯಾದ ನಾಗರಿಕನಿಗಿಂತ ಹೆಚ್ಚು ಮತ ಸಿಗುವುದು ಎಂಥ ನ್ಯಾಯ ಎಂದು ಅವರು ಕೇಳಿದರು. ಸಭೆ ಕೇಳಿಸಿಕೊಂಡಿತು, ಮುಂದೆ ನಡೆಯಿತು. ಆಗಸ್ಟ್ ಕೊನೆಯಲ್ಲಿ ದಕ್ಷಿಣದ ರಾಜ್ಯಗಳಿಗೂ ನ್ಯೂ ಇಂಗ್ಲೆಂಡಿನ ಹಡಗು ವ್ಯಾಪಾರಿಗಳಿಗೂ ಕೊಡುಕೊಳ್ಳುವ ಒಪ್ಪಂದವಾಯಿತು. ವಾಣಿಜ್ಯ ಕಾನೂನುಗಳಿಗೆ ಮೂರನೇ ಎರಡರಷ್ಟು ಬಹುಮತ ಬೇಕೆಂಬ ಪಟ್ಟನ್ನು ದಕ್ಷಿಣ ಬಿಟ್ಟುಕೊಟ್ಟಿತು. ಗುಲಾಮರ ಆಮದನ್ನು 1808ರವರೆಗೆ ಕಾಂಗ್ರೆಸ್ ನಿಷೇಧಿಸಬಾರದೆಂಬ ನಿಯಮಕ್ಕೆ ನ್ಯೂ ಇಂಗ್ಲೆಂಡ್ ಒಪ್ಪಿಗೆ ಕೊಟ್ಟಿತು. ಸಮಿತಿ ಸೂಚಿಸಿದ್ದು 1800. ಅದನ್ನು ಎಂಟು ವರ್ಷ ಮುಂದೂಡಿದ ಮತದಾನ ಏಳಕ್ಕೆ ನಾಲ್ಕು. ಇಪ್ಪತ್ತು ವರ್ಷದಲ್ಲಿ ಆಗಬಹುದಾದ ಕೇಡೆಲ್ಲ ಆಗಿಹೋಗುತ್ತದೆ ಎಂದು ಮ್ಯಾಡಿಸನ್ ಎಚ್ಚರಿಸಿದರೂ ನಡೆಯಲಿಲ್ಲ. ಓಡಿಹೋದ ಗುಲಾಮರನ್ನು ಹಿಂತಿರುಗಿಸಬೇಕೆಂಬ ಕಲಮೂ ಅದೇ ವಾರ ಸೇರಿಕೊಂಡಿತು.

ಇಷ್ಟೆಲ್ಲ ಬರೆದವರು “ಗುಲಾಮ” ಎಂಬ ಪದವನ್ನು ಸಂವಿಧಾನದಲ್ಲಿ ಎಲ್ಲಿಯೂ ಬಳಸಲಿಲ್ಲ. “ಇತರ ಎಲ್ಲ ವ್ಯಕ್ತಿಗಳು” ಎಂದರು, “ದುಡಿಮೆಗೆ ಬದ್ಧನಾದ ವ್ಯಕ್ತಿ” ಎಂದರು. ಆ ಪದ ಮೊದಲು ಕಾಣಿಸಿಕೊಂಡದ್ದು ಗುಲಾಮಗಿರಿಯನ್ನು ರದ್ದುಮಾಡಿದ 1865ರ ಹದಿಮೂರನೆಯ ತಿದ್ದುಪಡಿಯ ಹೊತ್ತಿಗೆ. ಬರೆಯುವ ಕೈಗೆ ನಾಚಿಕೆ ಗೊತ್ತಿತ್ತು.

ಹಳೆಯ ವಕೀಲ

ವಿದ್ಯಾರ್ಥಿ ಮಿತ್ರರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅಧ್ಯಕ್ಷನ ಆಯ್ಕೆಯ ವಿಧಾನಕ್ಕೂ ಅದರ ನೆರಳು ಬಿದ್ದಿದೆ. ಜೂನ್ 1ರಂದು ವಿಲ್ಸನ್ ಕಾರ್ಯಾಂಗವು ಒಬ್ಬನೇ ವ್ಯಕ್ತಿಯ ಕೈಯಲ್ಲಿರಲಿ ಎಂದು ಸೂಚಿಸಿದಾಗ ಸಭೆಯಲ್ಲಿ ದೀರ್ಘ ಮೌನ ಕವಿಯಿತು ಎಂದು ಮ್ಯಾಡಿಸನ್ ಬರೆದಿದ್ದಾರೆ. ಆ ಹುದ್ದೆಗೆ ಎಲ್ಲರ ಮನಸ್ಸಿನಲ್ಲಿದ್ದ ವ್ಯಕ್ತಿ ಎದುರಿನ ಕುರ್ಚಿಯಲ್ಲೇ ಕೂತಿದ್ದರು. 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್, ಇದು ಮುಖ್ಯ ವಿಷಯ, ದಯವಿಟ್ಟು ಮಾತಾಡಿ ಎಂದು ಹೇಳಬೇಕಾಯಿತು. ರಾಂಡಾಲ್ಫ್ ಮಾತಾಡಿದರು: ಇದು ರಾಜಪ್ರಭುತ್ವದ ಭ್ರೂಣ ಎಂದರು.

ಜನರೇ ನೇರವಾಗಿ ಆರಿಸಲಿ ಎಂದು ವಿಲ್ಸನ್ ಬಯಸಿದ್ದರು. ಕಾಂಗ್ರೆಸ್ ಆರಿಸಲಿ, ಏಳು ವರ್ಷದ ಅವಧಿ ಇರಲಿ ಎಂಬುದು ಬಹುಕಾಲ ನಿಂತ ತೀರ್ಮಾನ. ಜುಲೈ 19ರಂದು ಮ್ಯಾಡಿಸನ್ ಜನರ ಆಯ್ಕೆಯೇ ಉತ್ತಮ ಎಂದು ಒಪ್ಪಿಕೊಂಡೇ ಒಂದು ತೊಡಕು ಹೇಳಿದರು: ನೇರ ಮತದಾನದಲ್ಲಿ ದಕ್ಷಿಣಕ್ಕೆ ಅದರ ಗುಲಾಮರ ಲೆಕ್ಕದಿಂದ ಯಾವ ಬಲವೂ ಸಿಗುವುದಿಲ್ಲ, ರಾಜ್ಯವಾರು ಪ್ರತಿನಿಧಿಗಳು ಅಧ್ಯಕ್ಷನನ್ನು ಆರಿಸುವ ಮತದಾರ ಮಂಡಲಿಯಾದರೆ ಈ ತೊಂದರೆ ಇರದು. ಸೆಪ್ಟೆಂಬರ್ ಮೊದಲ ವಾರದಲ್ಲಿ ಬಾಕಿ ವಿಷಯಗಳ ಸಮಿತಿ ಮತದಾರ ಮಂಡಲಿಯನ್ನೇ ತಂದು ಮುಂದಿಟ್ಟಿತು. ನಾಲ್ಕು ತಿಂಗಳ ದಣಿವಿನ ಮೇಲೆ ಬಂದದ್ದನ್ನು ಸಭೆ ಹೆಚ್ಚು ಜಗ್ಗಾಡದೆ ಒಪ್ಪಿಕೊಂಡಿತು.

ಕೊನೆಯ ದಿನದವರೆಗೆ ವಾಷಿಂಗ್ಟನ್ ಚರ್ಚೆಯ ವಿಷಯದ ಮೇಲೆ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದು ಒಮ್ಮೆ: 40,000 ಜನಕ್ಕೆ ಒಬ್ಬ ಪ್ರತಿನಿಧಿ ಎಂಬುದನ್ನು 30,000ಕ್ಕೆ ಇಳಿಸಿದರೆ ಜನರಿಗೆ ಹೆಚ್ಚು ಭದ್ರತೆ ಎಂದು. ಒಬ್ಬರೂ ವಿರೋಧಿಸದೆ ಅದನ್ನು ತಿದ್ದಿಕೊಂಡರು.

ಕರಾವಳಿಯ ಓದುಗ

ಇಷ್ಟು ಹೊತ್ತು ನಾವು ಒಂದೇ ಕೋಣೆಯಲ್ಲಿ ಕೂತಿದ್ದೇವೆ. ಮೂಲ ಪ್ರಶ್ನೆಗೆ ಉತ್ತರ ಅಲ್ಲಿಲ್ಲ, ಹೊರಗಿದೆ ಎಂದು ನನ್ನ ನಂಬಿಕೆ.

ಸೆಪ್ಟೆಂಬರ್ 17ರಂದು 39 ಮಂದಿ ಸಹಿ ಹಾಕಿದರು. ರಾಂಡಾಲ್ಫ್, ಜಾರ್ಜ್ ಮೇಸನ್, ಎಲ್ಬ್ರಿಜ್ ಗೆರಿ ಅಲ್ಲೇ ಇದ್ದೂ ಹಾಕಲಿಲ್ಲ. ಐದು ದಿನ ಮೊದಲು ಮೇಸನ್ ಜನರ ಹಕ್ಕುಗಳ ಪಟ್ಟಿಯೊಂದನ್ನು ಸೇರಿಸೋಣ ಎಂದಿದ್ದರು, ಒಂದು ರಾಜ್ಯವೂ ಪರವಾಗಿ ಮತ ಹಾಕಿರಲಿಲ್ಲ. ಆ ನಿರಾಕರಣೆ ಸಂವಿಧಾನದ ಬೆಂಬಲಿಗರನ್ನು ಮುಂದಿನ ಹತ್ತು ತಿಂಗಳು ಬೆನ್ನಟ್ಟಿತು. ಹಳೆಯ ಕಾಂಗ್ರೆಸ್ ಸೆಪ್ಟೆಂಬರ್ 28ರಂದು ಪರವೂ ಇಲ್ಲ, ವಿರೋಧವೂ ಇಲ್ಲ ಎಂಬಂತೆ ಸಂವಿಧಾನವನ್ನು ರಾಜ್ಯಗಳಿಗೆ ಕಳಿಸಿಕೊಟ್ಟಿತು. ಒಪ್ಪಿಗೆ ಕೊಡಬೇಕಾದವರು ರಾಜ್ಯ ಶಾಸನಸಭೆಗಳಲ್ಲ, ಇದಕ್ಕೆಂದೇ ಜನ ಆರಿಸಿದ ಸಮಾವೇಶಗಳು. ವಿಲ್ಸನ್ ಹೇಳಿದ “ಸೂಚಿಸುವ ಸ್ವಾತಂತ್ರ್ಯ” ನಿಜವಾಗಿ ಪರೀಕ್ಷೆಗೆ ಒಳಗಾದದ್ದು ಇಲ್ಲಿ.

ಆರಂಭ ಚೆನ್ನಾಗಿರಲಿಲ್ಲ. ಪೆನ್ಸಿಲ್ವೇನಿಯಾ ಶಾಸನಸಭೆಯಲ್ಲಿ ಸಮಾವೇಶ ಕರೆಯುವ ನಿರ್ಣಯವನ್ನು ತಡೆಯಲು ವಿರೋಧಿಗಳು ಸಭೆಗೇ ಬರಲಿಲ್ಲ, ಕೋರಂಗೆ ಇಬ್ಬರು ಕಡಿಮೆಯಾದರು. ಜನರ ಗುಂಪೊಂದು ಇಬ್ಬರು ಸದಸ್ಯರನ್ನು ಅವರು ತಂಗಿದ್ದ ಮನೆಯಿಂದ ಎಳೆದುಕೊಂಡು ಬಂದು ಸಭೆಯಲ್ಲಿ ಕೂರಿಸಿತು. ಅವರಲ್ಲಿ ಒಬ್ಬರು ಗೈರುಹಾಜರಿಯ ದಂಡ ಕಟ್ಟುತ್ತೇನೆ, ಹೋಗಲು ಬಿಡಿ ಎಂದು ಕೇಳಿಕೊಂಡರೂ ಬಿಡಲಿಲ್ಲ. ಹಾಗೆ ಕರೆದ ಸಮಾವೇಶ ಡಿಸೆಂಬರ್ 12ರಂದು 46–23ರಲ್ಲಿ ಸಂವಿಧಾನವನ್ನು ಒಪ್ಪಿತು, ಸೋತವರು ತಮ್ಮ ಭಿನ್ನಮತವನ್ನು ಹಕ್ಕುಗಳ ಪಟ್ಟಿಯೊಂದಿಗೆ ಅಚ್ಚುಹಾಕಿಸಿದರು.

ಮ್ಯಾಸಚೂಸೆಟ್ಸ್ ಕಥೆ ಬೇರೆ. 1788ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ ಸೇರಿದ ಸಮಾವೇಶದಲ್ಲಿ ಶೇಸ್ ದಂಗೆಯ ನಾಡಿನಿಂದ ಬಂದ ರೈತರು ಬಹಳ ಮಂದಿ ಇದ್ದರು. ಅಮೋಸ್ ಸಿಂಗಲ್‌ಟರಿ ಎಂಬ ಹಿರಿಯರು ಎದ್ದು, ಈ ವಕೀಲರು, ಓದಿದವರು, ಹಣವಂತರು ನಯವಾಗಿ ಮಾತಾಡಿ ನಮ್ಮಂಥ ಬಡ ಓದಿಲ್ಲದವರಿಗೆ ಗುಳಿಗೆ ನುಂಗಿಸುತ್ತಾರೆ, ಆಮೇಲೆ ಯೋನನನ್ನು ತಿಮಿಂಗಿಲ ನುಂಗಿದಂತೆ ನಮ್ಮನ್ನೇ ನುಂಗುತ್ತಾರೆ ಎಂದರು. ಅವರಿಗೆ ಉತ್ತರ ಕೊಟ್ಟವರು ವಕೀಲರಲ್ಲ, ಜೊನಾಥನ್ ಸ್ಮಿತ್ ಎಂಬ ರೈತ. ನಾನು ನೇಗಿಲು ಹಿಡಿದು ಬದುಕುವವನು, ಸಾರ್ವಜನಿಕವಾಗಿ ಮಾತಾಡಿ ಅಭ್ಯಾಸವಿಲ್ಲ ಎಂದು ಶುರುಮಾಡಿ, ದಂಗೆಯ ಚಳಿಗಾಲದಲ್ಲಿ ತನ್ನ ಸೀಮೆ ಅನುಭವಿಸಿದ ಭಯವನ್ನು ವಿವರಿಸಿ, ಈ ಸಂವಿಧಾನ ಅದಕ್ಕೆ ಮದ್ದು ಎಂದು ತೋರಿತು ಎಂದರು. ಇಬ್ಬರೂ ರೈತರ ನಾಡಿನ ಪ್ರತಿನಿಧಿಗಳೇ. ಬಯಲುಸೀಮೆ ಮಿತ್ರರು ಗಮನಿಸಬೇಕು, ರೈತರು ಒಂದೇ ಕಡೆ ಇರಲಿಲ್ಲ.

ಮತ ಎಣಿಸಿದರೆ ಸೋಲು ಖಚಿತ ಎಂದು ಬೆಂಬಲಿಗರಿಗೆ ಗೊತ್ತಾಯಿತು. ಆಗ ಸಂಧಿವಾತದಿಂದ ಮನೆಯಲ್ಲೇ ಉಳಿದಿದ್ದ ಗವರ್ನರ್ ಜಾನ್ ಹ್ಯಾನ್‌ಕಾಕ್ ಜನವರಿ 31ರಂದು ಸಭೆಗೆ ಬಂದು, ಮೊದಲು ಒಪ್ಪೋಣ, ಜೊತೆಗೆ ಈ ತಿದ್ದುಪಡಿಗಳನ್ನು ಮಾಡಲೇಬೇಕೆಂದು ಹೊಸ ಕಾಂಗ್ರೆಸ್ಸಿಗೆ ಶಿಫಾರಸು ಕಳಿಸೋಣ ಎಂದು ಒಂಬತ್ತು ಅಂಶಗಳನ್ನು ಮುಂದಿಟ್ಟರು. ಫೆಬ್ರುವರಿ 6ರ ಮತದಾನ: 187 ಪರ, 168 ವಿರೋಧ. ನಂತರದ ಬಿಗಿ ಕಾಳಗಗಳಲ್ಲಿ ಈ ಸೂತ್ರವೇ ಕೈಹಿಡಿಯಿತು. ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ 57–47ರಲ್ಲಿ ಒಂಬತ್ತನೆಯ ರಾಜ್ಯವಾಯಿತು. ವರ್ಜೀನಿಯಾದಲ್ಲಿ ಪ್ಯಾಟ್ರಿಕ್ ಹೆನ್ರಿ, “ನಾವು ರಾಜ್ಯಗಳು” ಎನ್ನುವ ಬದಲು “ನಾವು ಜನರು” ಎನ್ನಲು ಇವರಿಗೆ ಯಾರು ಹಕ್ಕು ಕೊಟ್ಟರು ಎಂದು ಗುಡುಗಿದರು. ತಮ್ಮ ವಿದ್ಯಾರ್ಥಿನಿಯ ಪ್ರಶ್ನೆಯೇ ಅದು! ಅಲ್ಲಿ 89–79, ನ್ಯೂಯಾರ್ಕಿನಲ್ಲಿ 30–27. ನ್ಯೂಯಾರ್ಕಿನ ಮತದಾರರಿಗಾಗಿ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ ಒಂದೇ ಗುಪ್ತನಾಮದಲ್ಲಿ ಬರೆದ 85 ಲೇಖನಗಳು ಈಗ ಹೆಸರುವಾಸಿ. ಆದರೆ ಆ ರಾಜ್ಯ ಸಮಾವೇಶಕ್ಕೆ ಆರಿಸಿ ಕಳಿಸಿದ್ದು ಬಹುಪಾಲು ವಿರೋಧಿಗಳನ್ನೇ. ಅವರಲ್ಲಿ ಕೆಲವರು ವಾರಗಟ್ಟಲೆ ವಾದಿಸಿ ಮನಸ್ಸು ಬದಲಿಸಿದ್ದರಿಂದ ಕೆಲಸವಾಯಿತು.

ಬಯಲುಸೀಮೆ

ಕರಾವಳಿಯವರ ವಿವರ ಮನಮುಟ್ಟುವಂತಿದೆ, ರೈತರ ಕುರಿತ ಅವರ ತಿದ್ದುಪಡಿಯನ್ನೂ ಒಪ್ಪುತ್ತೇನೆ. ಆದರೂ “ಜನ ಆರಿಸಿದ” ಎಂಬ ಮಾತಿಗೆ ಮಿತಿ ಹಾಕಿಕೊಳ್ಳೋಣ. ನ್ಯೂಯಾರ್ಕ್ ಈ ಒಂದು ಚುನಾವಣೆಗೆ ಆಸ್ತಿಯ ಷರತ್ತು ತೆಗೆದು ಎಲ್ಲ ಸ್ವತಂತ್ರ ವಯಸ್ಕ ಗಂಡಸರಿಗೂ ಮತ ಕೊಟ್ಟದ್ದು ದೊಡ್ಡ ಮಾತೇ. ಉಳಿದೆಡೆ ಬಹುಮಟ್ಟಿಗೆ ಆಸ್ತಿ ಅಥವಾ ತೆರಿಗೆಯ ಷರತ್ತು ಇತ್ತು. ಗುಲಾಮರನ್ನು ಯಾರೂ ಕೇಳಲಿಲ್ಲ, ಹೆಂಗಸರ ದನಿಯೂ ಆ ಸಮಾವೇಶಗಳಲ್ಲಿ ಇರಲಿಲ್ಲ, ಅಲ್ಲೆಘೆನಿ ಪರ್ವತಗಳಾಚೆ ಯಾರ ನೆಲವನ್ನು ಮಾರಿ ಸಾಲ ತೀರಿಸಬೇಕೆಂದು ಕಾಂಗ್ರೆಸ್ ಲೆಕ್ಕ ಹಾಕುತ್ತಿತ್ತೋ ಆ ಮೂಲನಿವಾಸಿಗಳೂ ಇರಲಿಲ್ಲ. ಅಂದಿನ ಅಳತೆಯಲ್ಲಿ ಅದು ವಿಶಾಲವಾದ ಒಪ್ಪಿಗೆ, ಆದರೆ ಪೂರ್ತಿ ಒಪ್ಪಿಗೆ ಅಲ್ಲ.

ಇತಿಹಾಸ ವಿದ್ಯಾರ್ಥಿ

ಸೋತವರಿಗೆ ಸಿಕ್ಕ ಮಾತು ಉಳಿಯಿತೇ ಎಂದು ನೋಡುವುದೂ ಮುಖ್ಯ. ಹಕ್ಕುಗಳ ಪಟ್ಟಿ ಅಗತ್ಯವಿಲ್ಲ ಎಂದು ನಂಬಿದ್ದ ಮ್ಯಾಡಿಸನ್, ವರ್ಜೀನಿಯಾದಲ್ಲಿ ಜೇಮ್ಸ್ ಮನ್ರೋ ವಿರುದ್ಧ ಕೆಳಮನೆಗೆ ಸ್ಪರ್ಧಿಸಬೇಕಾದಾಗ ತಿದ್ದುಪಡಿ ತರುತ್ತೇನೆ ಎಂದು ಮಾತುಕೊಟ್ಟರು, ಗೆದ್ದರು, 1789ರ ಜೂನ್ 8ರಂದು ಹೊಸ ಕಾಂಗ್ರೆಸ್ಸಿನಲ್ಲಿ ಅವುಗಳನ್ನು ಮಂಡಿಸಿದರು. ಬೇರೆ ತುರ್ತು ಕೆಲಸಗಳಿವೆ ಎಂದು ಸ್ವಂತ ಗುಂಪಿನವರೇ ಗೊಣಗಿದರೂ ಬಿಡಲಿಲ್ಲ. ಕಳಿಸಿದ ಹನ್ನೆರಡರಲ್ಲಿ ಹತ್ತು 1791ರ ಡಿಸೆಂಬರ್ 15ರಂದು ಜಾರಿಗೆ ಬಂದವು. ಮೇಸನ್ ಸಹಿ ಹಾಕದೆ ಉಳಿದದ್ದು ವ್ಯರ್ಥವಾಗಲಿಲ್ಲ.

ಆ ಹತ್ತರಲ್ಲಿ ಐದನೆಯದರಲ್ಲಿರುವ ಕಾನೂನಿನ ಸೂಕ್ತ ಪ್ರಕ್ರಿಯೆಯ ಮಾತು ನಮ್ಮ ಮನೆಬಾಗಿಲಿಗೂ ಬಂದಿತ್ತು. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಆ ಪದಪುಂಜ ಶಾಸನಸಭೆಯ ಮೇಲೆ ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂದು ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ನಮ್ಮ 21ನೆಯ ವಿಧಿಯಲ್ಲಿ “ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ” ಎಂಬ ಮಾತು ಬಂದುದರ ಹಿಂದೆ ಆ ಭೇಟಿಯ ಪ್ರಭಾವವಿದೆ.

ತುಂಗಾತೀರ

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ನಾನು ಋಣಿ. ನಾಳೆ ತರಗತಿಯಲ್ಲಿ ಆಕೆಗೆ ಹೀಗೆ ಹೇಳುತ್ತೇನೆ: ಅಧಿಕಾರ ಅವರಿಗೆ ಮೊದಲು ಇರಲಿಲ್ಲ, ಬೇಡಿ ಪಡೆದರು, ಪಡೆಯುವಾಗ ವಿರೋಧಿಗಳ ಷರತ್ತಿಗೆ ತಲೆಬಾಗಿದರು. ಜೊತೆಗೆ, ಕೇಳದೇ ಬಿಟ್ಟವರ ಪಟ್ಟಿಯನ್ನೂ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಆದರೆ ಆಕೆ ಸುಮ್ಮನಾಗುವವಳಲ್ಲ. ಒಂಬತ್ತು ಒಪ್ಪಿದರೆ ಸಾಕು ಎಂದರು ಸರಿ, ಹಳೆಯ ಕರಾರು ಕೇಳಿದ್ದ ಹದಿಮೂರು ಎಲ್ಲಿ ಎಂದು ಖಂಡಿತ ಕೇಳುತ್ತಾಳೆ. ಪ್ರತಿನಿಧಿಗಳನ್ನೇ ಕಳಿಸದ ಆ ರೋಡ್ ಐಲ್ಯಾಂಡ್ ಏನಾಯಿತು?

ಹೊರನಾಡ ಕನ್ನಡತಿ

ರೋಡ್ ಐಲ್ಯಾಂಡಿನಲ್ಲಿ ಕಾಗದದ ಹಣದ ಪರವಾದ, ಸಾಲಗಾರರ ಬೆಂಬಲದ ಪಕ್ಷ ಅಧಿಕಾರದಲ್ಲಿತ್ತು. ರಾಜ್ಯಗಳು ಕಾಗದದ ಹಣ ಹೊರಡಿಸಕೂಡದು ಎಂದು ಹೊಸ ಸಂವಿಧಾನ ಕಟ್ಟುನಿಟ್ಟಾಗಿ ಹೇಳುತ್ತಿತ್ತು. ಸಮಾವೇಶ ಕರೆಯುವ ಬದಲು ಅವರು 1788ರ ಮಾರ್ಚಿನಲ್ಲಿ ಊರೂರಿನ ಮತದಾರರನ್ನೇ ನೇರವಾಗಿ ಕೇಳಿದರು. ಬೆಂಬಲಿಗರು ಬಹುಪಾಲು ಬಹಿಷ್ಕರಿಸಿದ ಆ ಮತದಾನದಲ್ಲಿ ಸಂವಿಧಾನ ಹೀನಾಯವಾಗಿ ಸೋತಿತು. ವಾಷಿಂಗ್ಟನ್ 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಒಕ್ಕೂಟದಲ್ಲಿದ್ದದ್ದು ಹನ್ನೊಂದು ರಾಜ್ಯ. ಹಕ್ಕುಗಳ ತಿದ್ದುಪಡಿಗಳು ಕಾಂಗ್ರೆಸ್ಸಿನಿಂದ ಹೊರಟ ಮೇಲೆ ಆ ವರ್ಷದ ನವೆಂಬರಿನಲ್ಲಿ ನಾರ್ತ್ ಕ್ಯಾರೊಲಿನಾ ಸೇರಿತು.

ಉಳಿದದ್ದು ರೋಡ್ ಐಲ್ಯಾಂಡ್ ಒಂದೇ. 1790ರ ಮೇ ತಿಂಗಳಲ್ಲಿ ಅದರೊಂದಿಗಿನ ವ್ಯಾಪಾರವನ್ನೇ ಕಡಿದುಹಾಕುವ ಮಸೂದೆಯನ್ನು ಸೆನೆಟ್ ಅಂಗೀಕರಿಸಿತು. ಬಂದರು ನಗರವಾದ ಪ್ರಾವಿಡೆನ್ಸ್, ಸಮಾವೇಶ ಒಪ್ಪದಿದ್ದರೆ ತಾನು ರಾಜ್ಯದಿಂದಲೇ ಬೇರೆಯಾಗುವ ಮಾತಾಡಿತು. ಮೇ 29ರಂದು ನ್ಯೂಪೋರ್ಟ್‌ನಲ್ಲಿ ಸೇರಿದ ಸಮಾವೇಶದಲ್ಲಿ ಪರವಾಗಿ 34 ಮತ, ವಿರೋಧವಾಗಿ 32. ಹಳೆಯ ಕರಾರು ಕೇಳಿದ್ದ ಹದಿಮೂರನೆಯ ಒಪ್ಪಿಗೆ ಹೀಗೆ ಎರಡು ಮತಗಳ ಅಂತರದಲ್ಲಿ ಬಂತು. ಆ ಹೊತ್ತಿಗೆ ಹೊಸ ಸರ್ಕಾರ ಕೆಲಸ ಆರಂಭಿಸಿ ಒಂದು ವರ್ಷ ಕಳೆದಿತ್ತು.